ಅತ್ತೆ ಕೈಮರದಲ್ಲಿ ಹೇಳಿದ್ದು

ನಮ್ಮೂರಿಗೆ ಹೆಸರಿಲ್ಲ. ಇಡಬಾರದು ಅಂತ ಹಟವೇನಿಲ್ಲ, ಇಡೋಣ ಅಂತ ಕೂತಾಗಲೆಲ್ಲ ಮಾತು ಹೊಡೆದಾಟಕ್ಕೆ ತಿರುಗಿದೆ, ಅಷ್ಟೆ. ಪಂಚಾಯಿತಿ ಕಚೇರಿಯ ಹಿಂದಿನ ಕೋಣೆಯಲ್ಲಿ ಊರನ್ನು ನಡೆಸುವ ಕಂಪ್ಯೂಟರಿದೆ. ಅದರ ಸೆಟ್ಟಿಂಗ್ಸ್ ಪುಟ ತೆರೆದರೆ ಎಲ್ಲಕ್ಕಿಂತ ಮೇಲೆ ‘ಊರಿನ ಹೆಸರು’ ಅನ್ನುವ ಖಾನೆ, ಅದರ ಪಕ್ಕ ಒಂದು ಕೆಂಪು ನಕ್ಷತ್ರ. ನಕ್ಷತ್ರ ಇರುವ ಖಾನೆಯನ್ನು ಖಾಲಿ ಬಿಟ್ಟರೆ ಆ ಪುಣ್ಯಾತ್ಮ ಕಂಪ್ಯೂಟರು ಸೇವ್ ಆಗಲು ಒಪ್ಪುವುದಿಲ್ಲ. ಹಾಗಾಗಿ ಅಲ್ಲೊಂದು ಚುಕ್ಕೆ ಇಟ್ಟಿದ್ದೇವೆ. ಚುಕ್ಕೆಯ ಬಗ್ಗೆ ಮಾತ್ರ ಊರಲ್ಲಿ ಯಾರದೂ ತಕರಾರಿಲ್ಲ.

ಆ ಕೋಣೆಯ ಕುರ್ಚಿಯಲ್ಲಿ ಕೂರುವವಳು ನಾನು, ದ್ರಾಕ್ಷಾಯಣಿ. ಕೆಲಸ ಸಿಕ್ಕಿದ್ದು ಓದಿಗಲ್ಲ, ಬಾಯಿಗೆ. ನನಗಿಂತ ಮುಂಚೆ ಇದ್ದವನು ಬಲು ಮೆದು ಮನುಷ್ಯ, ಯಾರು ಏನು ಕೇಳಿದರೂ ‘ಆಗ್ಲಿ ಬಿಡ್ರಿ’ ಅನ್ನುತ್ತಿದ್ದ. ಒಬ್ಬರು ಬಂದು ಗಾಳಿ ಮೂಡಲಿಂದ ಬರಲಿ ಅಂದರು, ಹಾಕಿದ. ಇನ್ನೊಬ್ಬರು ಪಡುವಲಿಂದ ಬರಲಿ ಅಂದರು, ಅದನ್ನೂ ಹಾಕಿದ. ಒಣಹಾಕಿದ ಬಟ್ಟೆಗಳೆಲ್ಲ ಅತ್ತಿಂದಿತ್ತ ಹಾರಾಡಿ, ಯಾರ ಸೀರೆ ಯಾರ ಮನೆಯ ಮಂಚದ ಮೇಲೆ ಅಂತ ವಿಚಾರಣೆ ನಡೆದು, ಗೊತ್ತಾಗಿದ್ದ ಮದುವೆಗಳು ಮುರಿದು ಬಿದ್ದವು. ಅವನು ಊರು ಬಿಟ್ಟು ಓಡಿಹೋದ ಮೇಲೆ ಪಂಚಾಯಿತಿಯವರು, ಬಂದವರ ಮುಖಕ್ಕೆ ‘ಆಗಲ್ಲ’ ಅನ್ನುವಂಥವರು ಯಾರಿದ್ದಾರೆ ಅಂತ ಯೋಚಿಸಿ ನೆಟ್ಟಗೆ ನಮ್ಮ ಮನೆಗೆ ಬಂದರು. ಬೇರೆ ಯಾರ ಹೆಸರನ್ನೂ ಯೋಚಿಸಲಿಲ್ಲವಂತೆ.

ಸೆಟ್ಟಿಂಗ್ಸ್‌ನಲ್ಲಿ ಎರಡು ಭಾಗ. ಮೊದಲನೆಯದು ಇಡೀ ಊರಿಗೆ ಸೇರಿದ್ದು. ಗಾಳಿಯ ದಿಕ್ಕು, ಗೋಡೆಯ ಸುಣ್ಣ, ಮಧ್ಯಾಹ್ನದ ಸೈರನ್ನು, ಸಾರಿನ ಉಪ್ಪು ಎಲ್ಲ ಅಲ್ಲೇ. ಅಲ್ಲಿ ಒಂದನ್ನು ಮುಟ್ಟಿದರೆ ಊರಿಗೆ ಊರೇ ಬದಲು. ಒಮ್ಮೆ ಸುಣ್ಣದ ಬಣ್ಣ ಬದಲಿಸಲು ಹೋಗಿ ಕೈ ಪಕ್ಕದ ಖಾನೆಗೆ ಜಾರಿ ಊರಿನ ಹಾಲೆಲ್ಲ ತಿಳಿನೀಲಿಯಾಯಿತು. ಜನ ಬಾಯಿಗೆ ಬಂದಂತೆ ಬೈದರು, ಆಮೇಲೆ ನೀಲಿ ಪೇಡ ಮಾಡಿ ಮನೆಮನೆಗೆ ಹಂಚಿಕೊಂಡು ತಿಂದರು. ನಾನು ಹಾಲನ್ನು ಸರಿಮಾಡಿದಾಗ ‘ಯಾಕಮ್ಮ ತೆಗೆದೆ, ಚೆನ್ನಾಗಿತ್ತಲ್ಲ’ ಅಂತ ಮತ್ತೆ ಬೈದರು.

ಎರಡನೆಯ ಭಾಗ ಡೊಮೇನ್‌ಗಳದು. ಊರ ಹೊರಗೆ ದಾರಿಗಳು ಸೇರುವಲ್ಲಿ ಒಂದು ಕೈಮರವಿದೆ, ಅದರ ಕಟ್ಟೆಯ ಮೇಲೆ ಬುಡೇನ್ ಸಾಬ್ ಕೂತಿರುತ್ತಾನೆ. ಬಂದವರನ್ನು ‘ಎಲ್ಲಿಗೆ?’ ಅಂತ ಕೇಳುವುದು ಅವನ ಕೆಲಸ. ‘ಸಂತೆಪೇಟೆ’ ಅಂದವರಿಗೆ ಬೆಲ್ಲದ ಅಂಗಡಿ ಸಾಲಿನಿಂದ ಊರು ಶುರುವಾಗುತ್ತದೆ. ‘ಗುರುಕ್ಷೇತ್ರ’ ಅಂದವರು ಕಲ್ಯಾಣಿಯ ಮೆಟ್ಟಿಲ ಮೇಲೆ ಬಂದಿಳಿಯುತ್ತಾರೆ, ಅವರ ಮೂಗಿಗೆ ಊರೆಲ್ಲ ಊದುಬತ್ತಿ. ‘ಹಂಸವಿಹಾರ’ ಅಂದವರಿಗೆ ಕೆರೆ ಏರಿಯ ಕಲ್ಲುಬೆಂಚು, ತಂಗಾಳಿ, ಪಿಂಗಾಣಿ ಕಪ್ಪಿನಲ್ಲಿ ಕಾಫಿ. ಬೀದಿಗಳು ಅವೇ, ಮನೆಗಳು ಅವೇ, ನಾವೂ ನಾವೇ. ಅವರವರ ಡೊಮೇನಿನಲ್ಲಿ ಹಾಕಿಟ್ಟ ಹಾಗೆ ಅವರವರ ಕಣ್ಣಿಗೆ ಕಾಣುತ್ತೇವೆ. ಹಂಸವಿಹಾರದವರ ಕಣ್ಣಿಗೆ ನಾನು ಸದಾ ನಗುತ್ತಿರುತ್ತೇನಂತೆ. ನಮ್ಮ ಜಗಲಿಯ ಮೇಲೆ ಬಾಳೆಹಣ್ಣಿನ ಸಿಪ್ಪೆ ಎಸೆದವನ ವಂಶವನ್ನೆಲ್ಲ ಜಾಲಾಡಿದರೂ ಅವನು ‘ಥ್ಯಾಂಕ್ಯೂ ಆಂಟಿ’ ಅಂದು ಫೋಟೋ ತೆಗೆದುಕೊಂಡು ಹೋಗುತ್ತಾನೆ. ಜಗಳ ಆಡಿದ ಸುಖವೇ ಸಿಗುವುದಿಲ್ಲ.

ಇನ್ನೊಂದು ವಿಷಯ. ಕೈಮರದಲ್ಲಿ ಆಡಿದ ಮಾತು ಆಡಿದವರಿಗಿಂತ ಮೊದಲು ಊರೊಳಗೆ ಬರುತ್ತದೆ. ಅವರು ಬಂದಿಳಿಯುವ ಜಾಗದಲ್ಲಿ ಅವರದೇ ದನಿಯಲ್ಲಿ ಕೇಳಿಸುತ್ತದೆ. ‘ಸಂತೆಪೇಟೆ’ ಅಂತ ಯಾರದೋ ಗಂಟಲು ಕೇಳಿಸಿದ ಕೂಡಲೇ ಬೆಲ್ಲದವರು ಅಚ್ಚುಗಳ ಮೇಲಿನ ಗೋಣಿಚೀಲ ಎತ್ತಿ ನೊಣ ಓಡಿಸಿ ನಿಲ್ಲುತ್ತಾರೆ, ಆಮೇಲೆ ಗಿರಾಕಿ ಬರುತ್ತಾನೆ.

ಮತ್ತೆ ಈ ಮೂರರಲ್ಲಿ ಯಾವುದನ್ನೂ ಹೇಳದವರು? ಅಂಥವರಿಗಾಗಿ ಡೀಫಾಲ್ಟ್ ಅನ್ನುವ ಟಿಕ್ ಒಂದಿದೆ. ಅದನ್ನು ಒಂದೇ ಒಂದು ಡೊಮೇನಿಗೆ ಹಾಕಬಹುದು. ಬಾಯಿ ಬಿಡದವರು, ಬಾಯಿಗೆ ಬಂದದ್ದು ಹೇಳಿದವರು, ‘ದೊಡ್ಡ ಸಂತೆಪೇಟೆ’ ಅಂತ ಒಂದು ಮಾತು ಹೆಚ್ಚಿಗೆ ಸೇರಿಸಿದವರು, ಮೇಯಲು ಹೋದ ದನಕರು, ಎಲ್ಲರೂ ಆ ಟಿಕ್ ಇರುವ ಕಡೆಗೆ ಬಂದು ಬೀಳುತ್ತಾರೆ. ನಮ್ಮ ತಾತಂದಿರ ಕಾಲದಿಂದ ಆ ಟಿಕ್ ಸಂತೆಪೇಟೆಗೇ ಇತ್ತು. ಊರವರು ಯಾರೂ ಕೈಮರದಲ್ಲಿ ವಿಳಾಸ ಹೇಳುತ್ತಿರಲಿಲ್ಲ. ಹೊಲದಿಂದ ಮನೆಗೆ ಬರುವವನನ್ನು ಬುಡೇನಣ್ಣ ಅಭ್ಯಾಸಬಲದಿಂದ ‘ಎಲ್ಲಿಗೆ?’ ಅಂದರೆ ‘ನಿನ್ನ ಮಾವನ ಮನೆಗೆ’ ಅಂತ ಉತ್ತರ ಬರುತ್ತಿತ್ತು.

ಈಗ ನಮ್ಮ ಅತ್ತೆ ಹಾಲಮ್ಮನವರ ವಿಷಯಕ್ಕೆ ಬರುತ್ತೇನೆ. ನಾನು ಆ ಮನೆಗೆ ಕಾಲಿಟ್ಟ ದಿನದಿಂದ ಅತ್ತೆ ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. ‘ಏ ಇವಳೇ’ ಅನ್ನುವುದೇ ನನ್ನ ಹೆಸರು. ನಮ್ಮಿಬ್ಬರ ಜಗಳಕ್ಕೆ ಕಾರಣ ಬೇಕಿರಲಿಲ್ಲ, ಪುರುಸೊತ್ತು ಸಿಕ್ಕರೆ ಸಾಕಿತ್ತು. ಜಗಳ ಜೋರಾದರೆ ಅತ್ತೆ ಕೈಚೀಲಕ್ಕೆ ಎರಡು ಸೀರೆ, ಎಲೆಅಡಿಕೆ ಡಬ್ಬಿ ತುಂಬಿಕೊಂಡು ಪಕ್ಕದೂರಿನ ತಮ್ಮನ ಮನೆಗೆ ಹೊರಟುಬಿಡುತ್ತಿದ್ದರು. ಸಿಟ್ಟು ಇಳಿದ ಮೇಲೆ, ಅಥವಾ ತಮ್ಮನ ಹೆಂಡತಿಯ ಜೊತೆಗೂ ಕಿತ್ತಾಡಿದ ಮೇಲೆ, ವಾಪಸು ಬರುತ್ತಿದ್ದರು. ಕೈಮರದಲ್ಲಿ ಏನೋ ಗೊಣಗಿಕೊಂಡು ಬೆಲ್ಲದ ಸಾಲಿಗೆ ಬಂದು, ಅಲ್ಲಿಂದ ಮನೆಗೆ. ಅವರು ಬಂದ ಮಾರನೆಯ ದಿನ ನಾನು ಆ ಸಾಲಿನಲ್ಲಿ ಹೋದರೆ ಬೆಲ್ಲದವರೆಲ್ಲ ಒಟ್ಟಿಗೇ ಕೆಮ್ಮುತ್ತಿದ್ದರು, ಟವೆಲಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಬೆಲ್ಲದ ಧೂಳಿಗೆ ನೆಗಡಿ ಇರಬೇಕು ಅಂದುಕೊಂಡಿದ್ದೆ.

ಈ ಸಲದ ಜಗಳ ಉಪ್ಪಿನದು. ಅತ್ತೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟು ತಟ್ಟೆ ತಳ್ಳಿದರು. “ಊರಿಗೆಲ್ಲ ಉಪ್ಪು ಹಾಕೋಳಂತೆ. ಮನೆ ಸಾರಿಗೆ ಹಾಕಕ್ಕೆ ಬರಲ್ಲ.”

“ಇಡೀ ಊರಿಗೆ ಹಾಕಿರೋ ಉಪ್ಪೇ ನಮ್ಮನೇಗೂ ಬಂದಿರೋದು ಅತ್ತೆ. ಊರೋರಿಗೆಲ್ಲ ಸರಿ ಇರೋದು ನಿಮ್ಮ ನಾಲಿಗೆಗೆ ಮಾತ್ರ ಕಮ್ಮೀನಾ?”

“ನನ್ನ ನಾಲಿಗೆ ಸುದ್ದಿಗೆ ಬರ್ಬೇಡ. ನಿನ್ನ ನಾಲಿಗೆ ಮುಂದೆ ನನ್ನದೆಂಥದ್ದು?”

“ಹಂಗಾದ್ರೆ ನಿಮ್ಮ ತಮ್ಮನ ಮನೇಲೇ ಉಂಡ್ಕೊಂಡಿರಿ!”

ನನ್ನ ಗಂಡ ಪಾಲಾಕ್ಷ ಎದುರಿಗೇ ಕೂತು ಉಣ್ಣುತ್ತಿದ್ದ. ಅವನ ತಟ್ಟೆಯಲ್ಲೂ ಅದೇ ಸಾರು. ‘ಇಬ್ರೂ ಹೇಳೋದ್ರಲ್ಲಿ ಅರ್ಥ ಐತೆ’ ಅಂದ. ಮದುವೆಯಾದಾಗಿನಿಂದ ಆ ಮನುಷ್ಯ ಬೇರೆ ಮಾತು ಕಲಿತಿಲ್ಲ. ಅತ್ತೆ ಕೈಚೀಲ ಹಿಡಿದು ಹೊರಟರು, ನಾನು ತಡೆಯಲಿಲ್ಲ.

ಅದೇ ಸಂಜೆ ಸೆಟ್ಟಿಂಗ್ಸ್ ಕೋಣೆಗೆ ಮೂವರು ಯಜಮಾನರು ಬಂದರು. ಸಂತೆಪೇಟೆ ಡೊಮೇನನ್ನು ನೋಡಿಕೊಳ್ಳುವ ವಿರೂಪಣ್ಣ, ಗುರುಕ್ಷೇತ್ರದ ಗುರುಲಿಂಗಯ್ಯ, ಹಂಸವಿಹಾರದ ಸುದರ್ಶನ. ಮೂವರೂ ಒಟ್ಟಿಗೆ ಒಂದೇ ಬಾಗಿಲಲ್ಲಿ ನುಗ್ಗಿ ಸಿಕ್ಕಿಹಾಕಿಕೊಂಡದ್ದನ್ನು ನೋಡಿಯೇ ಇದು ಟಿಕ್ಕಿನ ಜಗಳ ಅಂತ ನನಗೆ ಗೊತ್ತಾಯಿತು.

“ತಲೆತಲಾಂತರದಿಂದ ಸಂತೆಪೇಟೆಗೇ ಟಿಕ್ಕು,” ಅಂದರು ಗುರುಲಿಂಗಯ್ಯ. “ದಾರಿ ತಪ್ಪಿದೋರೆಲ್ಲ ಬೆಲ್ಲ ಮೂಸ್ಕೊಂಡೇ ಊರು ನೋಡ್ಬೇಕಾ? ದಾರಿ ತಪ್ಪಿದೋರಿಗೆ ಬೇಕಾಗಿರೋದು ಕ್ಷೇತ್ರ ಕಣಮ್ಮ. ನಮ್ಮ ಕಡೆ ಹಾಕು.”

“ಊದುಬತ್ತಿ ಹೊಗೆ ಕುಡಿಯಕ್ಕೆ ಯಾರು ಬರ್ತಾರ್ರೀ?” ಅಂದ ಸುದರ್ಶನ. “ಈಗ ಏನಿದ್ರೂ ಹಂಸವಿಹಾರದ ಕಾಲ.”

“ಟಿಕ್ಕು ಮುಟ್ಟಿ ನೋಡ್ರಿ, ಕೈ ಮುರೀತೀನಿ,” ಅಂದ ವಿರೂಪಣ್ಣ. ಮುರಿಯುವವನೇ ಅವನು.

ಬೈದಾಡಿ ಬೈದಾಡಿ ಮೂವರ ಗಂಟಲೂ ಒಣಗಿದ ಮೇಲೆ ಗುರುಲಿಂಗಯ್ಯನವರಿಗೆ ಜ್ಞಾನೋದಯವಾಯಿತು. ಯಾರಿಗೂ ಬೇಡ, ಟಿಕ್ಕೇ ತೆಗೆದುಬಿಡೋಣ, ಮೂರೂ ಸಮ. ಮೂರರಲ್ಲಿ ಯಾವುದಕ್ಕೂ ಇನ್ನು ಮುಂದೆ ಟಿಕ್ ಹಾಕಕೂಡದು ಅಂತ ಅಲ್ಲೇ ಠರಾವು. ಮೂವರೂ ಒಬ್ಬರಿಗೊಬ್ಬರು ಕೈ ಕುಲುಕಿ ಮಂಡಕ್ಕಿ ಮೆಣಸಿನಕಾಯಿ ತರಿಸಿದರು. ಟಿಕ್ಕೇ ಇಲ್ಲದಿದ್ದರೆ ಏನಾಗುತ್ತದೆ ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ, ಯಾಕೆಂದರೆ ಟಿಕ್ಕಿಲ್ಲದ ದಿನವನ್ನು ನಮ್ಮೂರು ಕಂಡೇ ಇರಲಿಲ್ಲ. ಕಂಪ್ಯೂಟರು ‘ಖಚಿತವೇ?’ ಅಂತ ಕೇಳಿತು. ವಿರೂಪಣ್ಣನೇ ಮೆಣಸಿನಕಾಯಿ ಎಣ್ಣೆಯ ಬೆರಳಿನಿಂದ ‘ಹೌದು’ ಒತ್ತಿದ. ಡೀಫಾಲ್ಟ್ ಬದಲಾಯಿಸಿದರೆ ಅದು ಊರಿಗೆ ತಾಗುವುದು ಮಾರನೆಯ ಬೆಳಿಗ್ಗೆ. ಹಾಗಾಗಿ ಆ ರಾತ್ರಿ ಊರು ನೆಮ್ಮದಿಯಾಗಿ ಮಲಗಿತು.

ಬೆಳಿಗ್ಗೆ ಬಯಲಿಗೆ ಹೋದವರು ವಾಪಸು ಬರಲಿಲ್ಲ. ಚೊಂಬು ಹಿಡಿದುಕೊಂಡು ಕೈಮರ ದಾಟಿ ಹೋದ ಗಂಡಸರು ತಿರುಗಿ ಬಂದು ನೋಡುತ್ತಾರೆ, ಊರಿಲ್ಲ! ಊರಿದ್ದ ಜಾಗದಲ್ಲಿ ಬರೀ ಜಾಲಿ ಪೊದೆ. ಊರೊಳಗೆ ಇದ್ದ ನಮಗೆ ಅವರೆಲ್ಲ ಚೆನ್ನಾಗಿ ಕಾಣುತ್ತಿದ್ದರು, ನಾವು ಅವರಿಗೆ ಕಾಣುತ್ತಿರಲಿಲ್ಲ. ಖಾಲಿ ಚೊಂಬು ಹಿಡಿದು ಪೊದೆಯ ಸುತ್ತ ಪ್ರದಕ್ಷಿಣೆ ಹಾಕುವವರನ್ನು ನೋಡಿ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಬುಡೇನಣ್ಣ ಉಪಾಯ ಹೇಳಿದ. ‘ಸಂತೆಪೇಟೆ ಅಂತ ಬಾಯಿ ಬಿಟ್ಟು ಹೇಳ್ರಪ್ಪ.’ ಹೇಳಿದರು, ಬಂದರು. ಸಂಜೆ ಮನೆಗೆ ಬರುವ ದನಗಳು ಬಾಯಿ ಬಿಟ್ಟು ಹೇಳಲಾರವಲ್ಲ, ಅವಕ್ಕೆ ಹಗ್ಗ ಕಟ್ಟಿ ಹಿಡಿದವರು ‘ಸಂತೆಪೇಟೆ’ ಅಂದರೆ ಸಾಕು ಅಂತ ಮಧ್ಯಾಹ್ನದೊಳಗೆ ಜನ ಕಂಡುಕೊಂಡರು. ನಮ್ಮ ಜನ ಯಾವುದಕ್ಕಾದರೂ ಹೊಂದಿಕೊಂಡಾರು, ಹೊಂದಿಕೊಂಡು ಅದಕ್ಕೊಂದು ಹಾಡೂ ಕಟ್ಟಿಯಾರು. ನಾನೂ ನಕ್ಕುಕೊಂಡೇ ಊಟಕ್ಕೆ ಮನೆಗೆ ಬಂದೆ.

ಮೂರನೆಯ ಜಾವದ ಬಿಸಿಲಿನಲ್ಲಿ ಬುಡೇನಣ್ಣನ ಫೋನು ಬಂತು. “ತಂಗಿ, ನಿಮ್ಮತ್ತೆ ಬಂದಾರೆ.”

ಈ ಸಲ ಇಷ್ಟು ಬೇಗ ಬಂದದ್ದು ನೋಡಿದರೆ ತಮ್ಮನ ಹೆಂಡತಿ ಬಾಗಿಲಲ್ಲೇ ಏನೋ ಅಂದಿರಬೇಕು. “ಬಂದ್ರೆ ಸಂತೆಪೇಟೆ ಅನ್ನಿ ಅಂತ ಹೇಳಣ್ಣ,” ಅಂದೆ.

“ಹೇಳ್ದೆ. ಅನ್ನಲ್ವಂತೆ.”

ನಾನು ಸೆರಗು ಸಿಕ್ಕಿಸಿಕೊಂಡು ಕೈಮರಕ್ಕೆ ಹೋದೆ. ಪಾಲಾಕ್ಷನೂ ಹಿಂದೆ ಬಂದ. ಅತ್ತೆ ಕಟ್ಟೆಯ ಮೇಲೆ ನಮಗೆ ಬೆನ್ನು ಹಾಕಿ ಕೂತಿದ್ದರು, ಸೀರೆಯ ಅಂಚಿನ ತುಂಬ ಜಾಲಿಮುಳ್ಳು. ಆಗಲೇ ಸುಮಾರು ಸಲ ಎದ್ದುಹೋಗಿ ಪೊದೆಗೆ ಹಾಯ್ದು ಬಂದಿದ್ದರೆಂದು ಬುಡೇನಣ್ಣ ಕಣ್ಣಿನಲ್ಲೇ ಹೇಳಿದ.

“ಅತ್ತೆ, ಒಂದು ಮಾತು. ಸಂತೆಪೇಟೆ ಅನ್ನಿ, ಮನೆಗೆ ಹೋಗಾಣ.”

“ನಾನು ಸಂತೆಗೆ ಬಂದಿಲ್ಲ. ಮನೆಗೆ ಬಂದಿದೀನಿ.”

“ಬಾಯಿ ಮಾತಿಗೆ ಅನ್ರೀ. ಸವೆದೋಗ್ತೀರಾ?”

“ಇವಳು ಕಂಪ್ಯೂಟರ್‌ನಾಗೆ ಬರೆದಿಟ್ಟಿದ್ದನ್ನ ನಾನು ಇಲ್ಲಿ ನಿಂತು ಒಪ್ಪಿಸ್ಬೇಕಂತೆ. ನಿಮ್ಮಪ್ಪ ನನ್ನ ಕೈ ಹಿಡಿದು ಕರ್ಕೊಂಡು ಬಂದಾಗ ಯಾವ ಕಂಪ್ಯೂಟರ್ ಕೇಳಿತ್ತೋ ಪಾಲಾಕ್ಷ?” ಮಾತು ನನಗೆ, ಮುಖ ಅವನ ಕಡೆಗೆ. ಪಾಲಾಕ್ಷ ಮೆಲ್ಲನೆ ಅವರ ಕೈ ಹಿಡಿದು ‘ಸಂತೆಪೇಟೆ’ ಅನ್ನಲು ಬಾಯಿ ತೆರೆದ. ಅತ್ತೆ ಕೈ ಕೊಡವಿದರು. “ಹಗ್ಗ ಕಟ್ಟಿ ಹೊಡ್ಕೊಂಡು ಹೋಗಕ್ಕೆ ನಾನೇನು ದನ ಏನೋ?”

“ಹಂಗಾದ್ರೆ ನೀವು ಏನಂತ ಹೇಳ್ತೀರ ಕೈಮರದಾಗೆ? ಅದನ್ನಾದ್ರೂ ಹೇಳಿ,” ಅಂದೆ.

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ಇದ್ದವರು ಅಲ್ಲಿಗೇ ನಿಲ್ಲಿಸಿದರು. “ಏನೋ ಅಂತೀನಿ. ನಿಂಗ್ಯಾಕೆ?”

ಬುಡೇನಣ್ಣ ಇದ್ದಕ್ಕಿದ್ದ ಹಾಗೆ ಕೈಮರದ ಮೇಲಿನ ಕಾಗೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ನಾನು ‘ಸಂತೆಪೇಟೆ’ ಅಂದು ಮನೆಗೆ ಓಡಿ ಡಬ್ಬಿಯಲ್ಲಿ ಅನ್ನಸಾರು ತಂದೆ. ಅತ್ತೆಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳದಿದ್ದರೆ ಕಣ್ಣು ಕತ್ತಲೆ ಬಂದು ಬಿದ್ದುಬಿಡುತ್ತಾರೆ. ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಮತ್ತೆ ಮುಚ್ಚಿ ಪಕ್ಕಕ್ಕಿಟ್ಟರು. “ಉಪ್ಪಿಲ್ಲ.” ಮೂಸಿದರೆ ಉಪ್ಪು ಗೊತ್ತಾಗುತ್ತದೆಯೇ? ಆ ಹೆಂಗಸಿಗೆ ಗೊತ್ತಾಗುತ್ತದೆ. ಮಾತು ಜೋರಾಗಿಯೇ ಇತ್ತು, ಆದರೆ ಸುಣ್ಣ ಹಚ್ಚಿದ ಎಲೆಯನ್ನು ಬಾಯಿಗಿಡದೆ ಕಟ್ಟೆಯ ಮೇಲೆ ಕೈ ಊರಿ ಕೂತರು. ಬಡಗಣ ದಿಕ್ಕಿನಲ್ಲಿ ಮೋಡ ಬೇರೆ ಕಪ್ಪಿಡುತ್ತಿತ್ತು. ನನಗೆ ಹೆದರಿಕೆಯಾಯಿತು. ಬೈಯುವವರು ಬೈಯುತ್ತಲೇ ಹೋಗಿಬಿಟ್ಟರೆ ನಾನು ಯಾರ ಮೇಲೆ ತಿರುಗಿ ಬೀಳಲಿ ಅಂತ ಒಂದು ಕೆಟ್ಟ ಯೋಚನೆ ಬಂತು.

ನೆಟ್ಟಗೆ ಹೋಗಿ ಮೂವರು ಯಜಮಾನರ ಮನೆಯ ಮುಂದೆ ಒಂದೊಂದು ಸಲ ಕೂಗಾಡಿದೆ. ಟಿಕ್ಕನ್ನು ಯಾವುದಕ್ಕಾದರೂ ಹಾಕ್ರಪ್ಪ, ಮುದುಕಿ ಬಯಲಿನಲ್ಲಿ ಕೂತಿದೆ ಅಂದೆ. ಮೂವರೂ ಅಯ್ಯೋ ಪಾಪ ಅಂದರು, ಮೂವರೂ ‘ನಮ್ಮದಕ್ಕೆ ಹಾಕೋದಾದ್ರೆ ಈಗ್ಲೇ ಒಪ್ಗೆ’ ಅಂದರು. ಒಪ್ಪಿದ್ದರೂ ಅಷ್ಟೇ ಆಗಿತ್ತು, ಟಿಕ್ ತಾಗುವುದು ನಾಳೆ ಬೆಳಿಗ್ಗೆ. ಅಲ್ಲಿಯತನಕ ಆ ಜೀವ ಕಟ್ಟೆಯ ಮೇಲೆ ನೆನೆಯುತ್ತ ಕೂರಬೇಕಿತ್ತು.

ಆಗ ಹೊಳೆಯಿತು. ಹೊಸ ಡೊಮೇನ್ ಸೇರಿಸಿದರೆ ಅದಕ್ಕೆ ಬೆಳಗು ಕಾಯಬೇಕಿಲ್ಲ, ಸೇವ್ ಒತ್ತಿದ ಕೂಡಲೇ ದಾರಿ ತೆರೆಯುತ್ತದೆ. ಅತ್ತೆ ನಮ್ಮ ವಿಳಾಸ ಹೇಳುವುದಿಲ್ಲ ತಾನೆ? ಅತ್ತೆ ಹೇಳುವುದನ್ನೇ ವಿಳಾಸ ಮಾಡಿಬಿಟ್ಟರೆ ಮುಗಿಯಿತು. ಕಚೇರಿಗೆ ಓಡಿ ಕಂಪ್ಯೂಟರ್ ಮುಂದೆ ಕೂತು ‘ಹೊಸ ಡೊಮೇನ್’ ಒತ್ತಿ ಬುಡೇನಣ್ಣನಿಗೆ ಫೋನು ಹಚ್ಚಿದೆ.

“ಅತ್ತೆ ಏನಂತಾರೆ ಹೇಳಣ್ಣ. ಒಂದಕ್ಷರ ಬಿಡ್ದಂಗೆ ಹೇಳು.”

“ಏನೋ ಗೊಣಗ್ತಾರೆ ತಂಗಿ. ನನ್ನ ಕಿವಿ ಮೊದಲೇ ಮಂದ.”

ಮೂರು ದಾರಿಯಾಚೆಯ ಸೈಕಲ್ ಬೆಲ್ಲಿಗೆ ಎದ್ದು ನಿಲ್ಲುವ ಕಿವಿ ಅವನದು. ಬೈಯಲು ಹೊತ್ತಿರಲಿಲ್ಲ. ಅತ್ತೆ ಏನಂದಾರು ಅಂತ ನಾನೇ ಯೋಚಿಸಿ ‘ಮಗನ ಮನೆ’ ಅಂತ ಹಾಕಿ ಸೇವ್ ಮಾಡಿದೆ. “ಈಗ ಕೇಳಣ್ಣ ಎಲ್ಲಿಗೆ ಅಂತ.” ಫೋನಿನಲ್ಲಿ ಬುಡೇನಣ್ಣ ‘ಎಲ್ಲಿಗೆ ಹಾಲಮ್ಮಾರೆ?’ ಅಂದದ್ದು ಕೇಳಿಸಿತು, ಅತ್ತೆಯ ಗೊಣಗು ಕೇಳಿಸಲಿಲ್ಲ, ಮುಳ್ಳಿಗೆ ಸೀರೆ ಸಿಕ್ಕಿದ ಸದ್ದು, ಜಾಲಿಗಿಡದ ಹುಟ್ಟನ್ನು ಬೈದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಅದನ್ನು ಅಳಿಸಿ ‘ಪಾಲಾಕ್ಷನ ಮನೆ’ ಹಾಕಿದೆ. ಮತ್ತೆ ಮುಳ್ಳು. ತೀರಿಹೋದ ಮಾವನವರ ಹೆಸರು ಹಾಕಿದೆ, ಅತ್ತೆಯ ತವರಿನ ಹೆಸರು ಹಾಕಿದೆ. ನಾಚಿಕೆ ಬಿಟ್ಟು ‘ದ್ರಾಕ್ಷಾಯಣಿ ಮನೆ’ ಅಂತಲೂ ಹಾಕಿ ನೋಡಿದೆ. ಅದಕ್ಕೆ ಬುಡೇನಣ್ಣ ನಕ್ಕೇಬಿಟ್ಟ.

“ಯಾಕಣ್ಣ ನಗ್ತಿ?”

“ಇಲ್ಲ ತಂಗಿ, ಕೆಮ್ಮು.”

ಕೆಮ್ಮು ಅಂದ ಕೂಡಲೇ ನನ್ನ ತಲೆಗೆ ಬೆಲ್ಲದ ಸಾಲಿನವರ ಕೆಮ್ಮು ಬಂತು. ಟಿಕ್ಕಿದ್ದ ಕಾಲದಲ್ಲಿ ಅತ್ತೆ ಕೈಮರದಲ್ಲಿ ಆಡಿದ ಮಾತು ಬೆಲ್ಲದ ಅಂಗಡಿಗಳ ಮುಂದೆಯೇ ಕೇಳಿಸುತ್ತಿತ್ತಲ್ಲ! ಪ್ರತಿ ಸಲವೂ! ಊರಿಗೆಲ್ಲ ಗೊತ್ತು, ನನಗೊಬ್ಬಳಿಗೇ ಗೊತ್ತಿಲ್ಲ. ಮೈಯೆಲ್ಲ ಉರಿದುಹೋಯಿತು. “ಬುಡೇನಣ್ಣ, ನನ್ನ ಬೈತಾರೆ ಅಲ್ವಾ? ಹೌದೋ ಅಲ್ವೋ?”

ಆ ಕಡೆ ಬೆಂಕಿಕಡ್ಡಿ ಗೀರಿ ಬೀಡಿ ಹಚ್ಚಿದ ಸದ್ದು.

“ಹೇಳ್ತೀಯೋ, ಇಲ್ಲಾ ಇಡೀ ಊರಿನ ಬೀಡೀಲಿ ಹೊಗೆ ಬರ್ದಂಗೆ ಸೆಟ್ಟಿಂಗ್ ಹಾಕ್ಲೋ?”

“ಘಟವಾಣಿ,” ಅಂದ ಬುಡೇನಣ್ಣ ಬೇಗ ಬೇಗ. “ಘಟವಾಣಿ ಮನೆ ಅಂತಾರೆ. ನಾನಂದಿದ್ದಲ್ಲ ತಂಗಿ, ಅಲ್ಲಾಣೆ, ಅವರಂದಿದ್ದು.”

ಘಟವಾಣಿ! ಮನೆಗೆ ದುಡಿದು ಊರಿಗೆ ದುಡಿದು ಬರುವ ನಾನು ಘಟವಾಣಿ! ಅಲ್ಲ ಅಂತ ಹೇಳುತ್ತಿಲ್ಲ, ಆದರೆ ಬೆಲ್ಲದ ಅಂಗಡಿಯವರ ಮುಂದೆ ಕೂಗಿ ಹೇಳುವುದೇ? ಬಿಡು, ಅಲ್ಲೇ ಕೂತಿರಲಿ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಕಿಟಕಿಯ ಹೊರಗೆ ಮೊದಲ ಹನಿ ಬಿತ್ತು. ಹಲ್ಲು ಕಚ್ಚಿಕೊಂಡು, ಮೂರು ಘನವಾದ ಡೊಮೇನ್‌ಗಳ ಕೆಳಗೆ, ನನ್ನ ಕೈಯಿಂದ ನಾನೇ, ‘ಘಟವಾಣಿ ಮನೆ’ ಅಂತ ಬರೆದು ಸೇವ್ ಒತ್ತಿದೆ. “ಕೇಳಣ್ಣ.”

‘ಎಲ್ಲಿಗೆ ಹಾಲಮ್ಮಾರೆ?’ ಗೊಣಗು. ಮುಳ್ಳು. ಈ ಸಲ ಅತ್ತೆ ಜಾಲಿಗಿಡವನ್ನು ಬೈಯಲೂ ಇಲ್ಲ. ಬೈಯದ ಅತ್ತೆಯನ್ನು ನಾನು ಕಂಡೇ ಇರಲಿಲ್ಲ.

“ಕೂತ್ಕೊಂಬಿಟ್ರು ತಂಗಿ. ಬೆವತಿದಾರೆ.”

“ಘಟವಾಣಿ ಅಂದ್ಯಲ್ಲ! ಹಾಕಿದೀನಲ್ಲ! ಯಾಕೆ ತೆಗೀತಿಲ್ಲ? ಮುಂದೆ ಹಿಂದೆ ಏನೂ ಬಿಡಬೇಡ, ಪೂರ್ತಿ ಹೇಳು ಅಂದಿದ್ನಲ್ಲ!”

“ಮುಂದೆ ಒಂದು ಮಾತು ಅಂತಾರಮ್ಮ. ಅದೇನು ದೊಡ್ಡದಲ್ಲ ಅಂತ ಬಿಟ್ಟೆ.”

“ಏನದು?”

“ನಮ್ಮ,” ಅಂದ ಬುಡೇನಣ್ಣ. “ನಮ್ಮ ಘಟವಾಣಿ ಮನೆ. ಯಾವಾಗ್ಲೂ ಹಂಗೇ ಅನ್ನೋದು.”

ಫೋನು ಕಿವಿಯಲ್ಲೇ ಇತ್ತು. ಈ ಮಾತನ್ನು ನನ್ನ ಕೋಪಕ್ಕೆ ಹೆದರಿ ಇವನೇ ಹೊಲಿದು ಹಾಕಿದನೋ ಏನೋ ಅಂತಲೂ ಅನುಮಾನ ಬಂತು. ಅನುಮಾನದ ಜೊತೆಗೇ ಆ ಮಾತನ್ನೂ ಸೇರಿಸಿ ಟೈಪು ಮಾಡಿದೆ. ಬಂದವರು ಮೊದಲು ಇಳಿಯುವ ಜಾಗ ಯಾವುದು ಅಂತ ಕಂಪ್ಯೂಟರು ಈ ಸಲವೂ ಕೇಳಿತು. ನಮ್ಮ ಅಡುಗೆಮನೆ ಅಂತ ಹಾಕಿದೆ. ಸೇವ್ ಒತ್ತಿ, ಬುಡೇನಣ್ಣನಿಗೆ ನಾನು ಮನೆ ಮುಟ್ಟುವಷ್ಟು ಹೊತ್ತು ತಡಿ ಅಂದು, ಮಳೆಯಲ್ಲೇ ಓಡಿ ಬಂದು ಒಲೆಯ ಮೇಲೆ ಸಾರು ಬಿಸಿಗಿಟ್ಟು ನಿಂತೆ.

ಮೊದಲು ದನಿ ಬಂತು. ಅಡುಗೆಮನೆಯ ನಟ್ಟನಡುವೆ, ಸಾರಿನ ಪಾತ್ರೆಯ ಮೇಲೆ, ಸುಸ್ತಾದ, ಮುನಿಸಿಕೊಂಡ, ಮನೆಯ ಬೀಗದ ಕೈ ಎಲ್ಲಿದೆ ಅಂತ ಕೇಳುವಷ್ಟೇ ಸಲೀಸಾದ ದನಿ.

“ನಮ್ಮ ಘಟವಾಣಿ ಮನೆ.”

ಬುಡೇನಣ್ಣ ಹೊಲಿದು ಹಾಕಿದ್ದಲ್ಲ. ನನಗೆ ಅಳು ಬಂತು. ಅಳು ಒರೆಸಿಕೊಳ್ಳುವುದರೊಳಗೆ ಅತ್ತೆಯೇ ಬಂದರು, ಒದ್ದೆ ಸೀರೆ, ಕೈಚೀಲ, ಮುಳ್ಳು ಸಮೇತ. ನೆಲುವನ್ನು ನೋಡಿದರು, ಒಲೆಯನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಸೌಟಿನಲ್ಲಿ ಸಾರು ತೆಗೆದು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಉಪ್ಪಿನ ಭರಣಿಗೆ ಕೈ ಹಾಕಿದರು.

“ಏ ಇವಳೇ, ತಟ್ಟೆ ಹಾಕು. ನಿಂತ್ಕೊಂಡು ಏನು ನೋಡ್ತಿ?”

ತಟ್ಟೆ ಹಾಕಿದೆ. ಎರಡು ಸಲ ಬಡಿಸಿಕೊಂಡು ಉಂಡರು. ಉಂಡ ಮೇಲೆ ಮುಖಕ್ಕೆ ಬಣ್ಣ ಬಂತು, ಬಣ್ಣದ ಜೊತೆಗೆ ಬೈಗುಳವೂ ಬಂತು, ನನಗೆ ಜೀವ ಬಂತು.

ಅವರು ಮಲಗಿದ ಮೇಲೆ ಮತ್ತೆ ಕಚೇರಿಗೆ ಹೋದೆ. ಮುಂದಿನ ಸಲ ಸಿಟ್ಟು ಇನ್ನೂ ಜೋರಾಗಿ ಅತ್ತೆಯ ಬಾಯಲ್ಲಿ ಬೇರೆ ಏನಾದರೂ ಬಂದರೆ? ಅಥವಾ ಮಾತೇ ಹೊರಡದಷ್ಟು ಸುಸ್ತಾಗಿದ್ದರೆ? ಏನಂದರೂ, ಏನೂ ಅನ್ನದಿದ್ದರೂ, ಮನೆಗೇ ಬರಲಿ. ಮೂರಕ್ಕೂ ಟಿಕ್ ಹಾಕಕೂಡದು ಅಂತ ತಾನೆ ಠರಾವು? ನಾಲ್ಕನೆಯದರ ಮಾತನ್ನು ಯಾರೂ ಎತ್ತಿರಲಿಲ್ಲ. ‘ನಮ್ಮ ಘಟವಾಣಿ ಮನೆ’ಯ ಮುಂದೆ ಡೀಫಾಲ್ಟ್ ಟಿಕ್ ಒತ್ತಿದೆ. ಖಚಿತವೇ ಅಂತ ಕೇಳಿತು. ಇಷ್ಟು ಖಚಿತವಾಗಿ ನಾನು ಯಾವುದನ್ನೂ ಒತ್ತಿರಲಿಲ್ಲ.

ಬೆಳಿಗ್ಗೆ ಎದ್ದು ಬಯಲಿಗೆ ಹೋದವರೆಲ್ಲ ಚೊಂಬು ಹಿಡಿದುಕೊಂಡು ಸಾಲಾಗಿ ನಮ್ಮ ಅಡುಗೆಮನೆಗೆ ಬಂದರು. ಗುರುಲಿಂಗಯ್ಯನವರೂ ಇದ್ದರು. ಅತ್ತೆ ಅವರನ್ನೆಲ್ಲ ಪೊರಕೆ ಹಿಡಿದು ಸ್ವಾಗತಿಸಿದರು. ಮಧ್ಯಾಹ್ನ ಮೂವರು ಯಜಮಾನರು ಕಚೇರಿಗೆ ಬಂದು, ಇದೇನಮ್ಮ ಊರಿನ ಮರ್ಯಾದೆ ತೆಗೆದೆ, ದಾರಿ ತಪ್ಪಿದ ಪರಸ್ಥಳದವರೆಲ್ಲ ನಿಮ್ಮ ಮನೆ ಒಲೆ ಮುಂದೆ ಬಂದು ನಿಲ್ಲೋದಾ ಅಂತ ಹಾರಾಡಿದರು. ತೆಗೀತೀನಿ, ಬದಲಿಗೆ ಯಾವುದಕ್ಕೆ ಹಾಕ್ಲಿ ಹೇಳ್ರಿ ಅಂದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇರೆಯವನಿಗೆ ಹೋಗುವುದಕ್ಕಿಂತ ಇವಳ ಹತ್ತಿರವೇ ಇರಲಿ ಅಂತ ಮೂವರಿಗೂ ಒಟ್ಟಿಗೆ ಅನ್ನಿಸಿತು. ನಮ್ಮೂರಲ್ಲಿ ಒಮ್ಮತದಿಂದ ಆದ ಕೆಲಸ ಅದೊಂದೇ.

ಈಗ ದನಗಳಿಗೆ ಅನುಕೂಲವಾಗಲಿ ಅಂತ ನಮ್ಮ ಹಿತ್ತಿಲ ಬಾಗಿಲನ್ನು ಅಗಲ ಮಾಡಿಸಿದ್ದೇವೆ. ಸಂಜೆ ಅವು ಅಡುಗೆಮನೆಗೆ ಬಂದು ಅಕ್ಕಿ ತೊಳೆದ ನೀರು ಕುಡಿದು ಅವರವರ ಮನೆಗೆ ಹೋಗುತ್ತವೆ. ದಾರಿ ತಪ್ಪಿದವರು ಬಂದು ಊಟ ಮಾಡಿ ಹೋಗುತ್ತಾರೆ, ಸಾರು ಚೆನ್ನಾಗಿದೆ ಅನ್ನುತ್ತಾರೆ, ಅತ್ತೆ ಅದಕ್ಕೆ ‘ಉಪ್ಪು ನಂದು’ ಅನ್ನುತ್ತಾರೆ. ಪಾಲಾಕ್ಷ ಇಬ್ಬರ ಮಾತಿನಲ್ಲೂ ಅರ್ಥ ಕಾಣುತ್ತಾನೆ.

ಮನೆಯೊಳಗೆ ಅತ್ತೆ ನನ್ನನ್ನು ಇವತ್ತಿಗೂ ‘ಏ ಇವಳೇ’ ಅಂತಲೇ ಕರೆಯುವುದು. ಆ ಇನ್ನೊಂದು ಮಾತು ಕೇಳಬೇಕಾದರೆ ಅವರು ಜಗಳ ಆಡಿ ಊರು ಬಿಟ್ಟು ಹೋಗಬೇಕು, ಹೋಗಿ ವಾಪಸು ಬರಬೇಕು. ಅದಕ್ಕೇ ಆಗಾಗ ಸಾರಿಗೆ ಉಪ್ಪು ಕಡಿಮೆ ಹಾಕುತ್ತೇನೆ.